ಬಾಗಿಲ ಹಿಂದಿನ ಗೆರೆಗಳು

ಮಗಳೇ,

ತೋಟದ ಬಾವಿಯಿಂದ ಪಂಪು ಎತ್ತಿಸಲು ಹೋಗುತ್ತಿದ್ದೇನೆ. ನಮ್ಮ ಮೋಟಾರು ರಿಪೇರಿ ಶೆಡ್ಡಿನ ಬೀಗದ ಕೈ ಮೊಳೆಗೆ ನೇತುಹಾಕಿದೆ.

ಸೋಮವಾರ ಗಿರಾಕಿ, "ಈ ಮೋಟಾರಿಗೆ ತಂತಿ ಸುತ್ತಿದ್ದು ಯಾರು?" ಅಂದಾಗ ನನ್ನ ಬಾಯಿ "ನಮ್ಮ ಹುಡುಗ" ಅಂದುಬಿಟ್ಟಿತು. ಸುತ್ತಿದವಳು ನೀನು, ಅವನಿಗೆ ಟೀ ಹಿಡಿದು ನೀನು ಅಲ್ಲೇ ನಿಂತಿದ್ದೆ. ಆಮೇಲೆ ನೀನು ತಂತಿ ಮುಟ್ಟಿಲ್ಲ.

ಅವತ್ತಿನಿಂದ, ನಾನು ಯಾವ ಕೆಲಸಕ್ಕೆ ಯಾರನ್ನು ಕರೆದೆ ಅಂತ ಶೆಡ್ಡಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೇನೆ. ಸ್ಪ್ಯಾನರಿಗೆ ಕರೆದದ್ದೆಲ್ಲ ನಿನ್ನ ಅಣ್ಣನನ್ನು, ಅವನು ಬೇರೆ ಊರಿಗೆ ಹೋಗಿದ್ದ ದಿನವೂ. ನಿನ್ನನ್ನು ಕರೆದದ್ದೆಲ್ಲ ನೀರಿಗೆ, ಟೀಗೆ. ನೋಡಿ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಜೋಮು ಹಿಡಿದ ಕೈಯ ಹಾಗಿದೆ ಮನಸ್ಸು.

ನಿನ್ನೆ ಆ ಗಿರಾಕಿಗೆ ಫೋನು ಮಾಡಿ, ಸುತ್ತಿದ್ದು ಮಗಳು ಅಂದೆ. "ಹಾಗಾದರೆ ನನ್ನ ಇನ್ನೊಂದು ಮೋಟಾರನ್ನೂ ಅವಳ ಕೈಲೇ ಸುತ್ತಿಸಿ, ಯಜಮಾನರೇ" ಅಂದ. ಅಷ್ಟು ಸಲೀಸಾಗಿತ್ತು. ಇವತ್ತು ಹತ್ತು ಗಂಟೆಗೆ ತರುತ್ತಾನೆ. ಸುತ್ತುವುದು, ಬಿಡುವುದು ನಿನ್ನಿಷ್ಟ.

ಟೀ ಅಣ್ಣ ಮಾಡುತ್ತಾನೆ. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಕೇಳಿದ. ನನಗೂ ಗೊತ್ತಿರಲಿಲ್ಲ.

ಸೀಮೆಸುಣ್ಣ ಬಾಗಿಲ ಚೌಕಟ್ಟಿನ ಮೇಲಿದೆ. ಸಂಜೆ ಬಂದು ನಾನು ಮತ್ತೆ ಹಾಗೇ ಕರೆದು ತಪ್ಪಿದರೆ ಗೆರೆ ನೀನೇ ಎಳೆ.

ಅಪ್ಪ