ಎರಡು ಊರುಗಳ ನಡುವಿನ ಆಕಾಶವನ್ನು ಹಿಗ್ಗಿಸಿದವರು ಯಾರು?

ವಿಮಾನಗಳ ವೇಳಾಪಟ್ಟಿಗೆ ಒಪ್ಪಿಗೆಯ ಮುದ್ರೆ ಒತ್ತುವ ಮಾನ್ಯರೇ,

ನಮ್ಮ ಊರಿಗೂ ನನ್ನ ತಂಗಿ ಚಿಕಿತ್ಸೆ ಪಡೆಯುತ್ತಿರುವ ನಗರಕ್ಕೂ ನಡುವಿನ ಹಾರಾಟದ ಅವಧಿ ಹೋದ ವರ್ಷ ಒಂದು ಗಂಟೆ ಇಪ್ಪತ್ತು ನಿಮಿಷವೆಂದು ಅಚ್ಚಾಗಿತ್ತು. ಈ ವರ್ಷ ಅದು ಎರಡು ಗಂಟೆ. ವಿಮಾನ ಅದೇ, ದಾರಿಯೂ ಅದೇ. ಬದುಕಿಡೀ ಭೂಗೋಳ ಕಲಿಸಿದವಳು ನಾನು. ಈ ಎರಡು ಊರುಗಳು ಒಂದನ್ನೊಂದು ಬಿಟ್ಟು ದೂರ ಸರಿದ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ. ತಮ್ಮ ಕಚೇರಿಗೇನಾದರೂ ಬಿದ್ದಿದೆಯೇ?

ದೂರವಾಣಿ ಮಾಡಿ ವಿಚಾರಿಸಿದೆ. "ಎದುರುಗಾಳಿ ಮೇಡಂ, ಅದಕ್ಕೇ ಜಾಸ್ತಿ ಟೈಮ್ ಹಿಡಿಯತ್ತೆ" ಎಂದರು ತಮ್ಮ ಸಿಬ್ಬಂದಿ. ಹೋಗುವಾಗ ಎದುರಾಗುವ ಗಾಳಿ ಬರುವಾಗ ಬೆನ್ನಿಗಿರಬೇಕಲ್ಲವೇ? ತಮ್ಮ ಪಟ್ಟಿಯಲ್ಲಿ ಎರಡೂ ದಿಕ್ಕಿನ ಪ್ರಯಾಣ ಸಮನಾಗಿ ಉದ್ದವಾಗಿದೆ. ಹೋಗುವವರಿಗೂ ಬರುವವರಿಗೂ ಎದುರಿಗೇ ಬೀಸುವ ಇಂಥ ನಿಷ್ಪಕ್ಷಪಾತಿ ಗಾಳಿಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ. ಹಾಗೆಂದು ಹೇಳಿದೊಡನೆ "ಲೈನಲ್ಲಿರಿ" ಎಂದು ಎದ್ದುಹೋದವರು ಇಂದಿಗೂ ಮರಳಿಲ್ಲ.

ಸಂಶಯ ಬಲವಾಗಿ, ನಾನೇ ಆ ವಿಮಾನ ಹತ್ತಿದೆ. ಹೊತ್ತಿಗೆ ಸರಿಯಾಗಿಯೇ ಹೊರಟಿತು. ಇಳಿದಾಗ, ನಲವತ್ತು ನಿಮಿಷ ಮೊದಲೇ ತಲುಪಿದ್ದೇವೆಂದು ಘೋಷಣೆಯಾಯಿತು. ಜನ ಚಪ್ಪಾಳೆ ತಟ್ಟಿದರು! ಪಕ್ಕದ ಆಸನದ ಬಟ್ಟೆ ವ್ಯಾಪಾರಿ ನನ್ನತ್ತ ತಿರುಗಿ, "ನೋಡಿದ್ರಾ ಅಮ್ಮ, ನಲವತ್ತು ನಿಮಿಷ ಉಳಿಸಿಕೊಟ್ರು" ಎಂದರು.

"ಉಳಿಸಿಕೊಟ್ಟಿದ್ದಲ್ಲ ಕಣಪ್ಪ, ನಿನ್ನ ಜೇಬಿಂದ ತೆಗೆದು ನಿನಗೇ ದಾನ ಮಾಡಿದ್ರು."

"ಬಿಡಿ, ನಿಮಗೆ ಖುಷಿ ಪಡೋಕೂ ಪುರಾವೆ ಬೇಕು."

ಹೊರಬಂದರೆ ನಿಲ್ದಾಣದ ಗೋಡೆಯ ತುಂಬ ಜಾಹೀರಾತು: ಸಮಯಪಾಲನೆಯಲ್ಲಿ ಈ ವಿಮಾನ ಸಂಸ್ಥೆಗೆ ಪ್ರಥಮ ಸ್ಥಾನ. ಸ್ಥಾನ ದಯಪಾಲಿಸಿದ್ದು ತಮ್ಮ ಕಚೇರಿಯೇ. ಉತ್ತೀರ್ಣವಾಗಲು ಬೇಕಾದ ಅಂಕವನ್ನು ವಿದ್ಯಾರ್ಥಿಯೇ ನಿಗದಿಪಡಿಸಿಕೊಂಡರೆ ಯಾವ ದಡ್ಡ ತಾನೇ ಅನುತ್ತೀರ್ಣನಾದಾನು?

ಇಷ್ಟಕ್ಕೇ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ತಂಗಿಗೆ ಶ್ವಾಸಕೋಶದ ಶಸ್ತ್ರಚಿಕಿತ್ಸೆಯಾಗಿದೆ. ಹಾರಾಟ ಒಂದೂವರೆ ಗಂಟೆ ಮೀರಕೂಡದೆಂದು ವೈದ್ಯರ ಕಟ್ಟಪ್ಪಣೆ. ರಸ್ತೆಯಲ್ಲಾದರೆ ದಿನವಿಡೀ ಕುಲುಕಾಟ. ಅದಂತೂ ಬೇಡವೇ ಬೇಡವೆಂದಿದ್ದಾರೆ. ಇಲ್ಲಿ ನಮ್ಮೂರಲ್ಲಿ ಅವಳ ಒಬ್ಬಳೇ ಮಗಳು ತುಂಬುಗರ್ಭಿಣಿ. ಇದೇ ತಿಂಗಳು ಹೆರಿಗೆ.

ನಾನೇ ಕುಳಿತು ನೋಡಿಕೊಂಡು ಬಂದಿದ್ದೇನೆ, ಒಂದೂವರೆ ಗಂಟೆಯೂ ಹಿಡಿಯುವುದಿಲ್ಲ ಎಂದು ವೈದ್ಯರಲ್ಲಿ ವಾದಿಸಿದೆ. "ಇರಬಹುದು ಟೀಚರ್. ಆದರೆ ನಾಳೆ ಏನಾದ್ರೂ ಆದ್ರೆ, ಕೋರ್ಟಲ್ಲಿ ನಿಮ್ಮ ವಾಚ್ ನಡೆಯಲ್ಲ, ಅವರ ಟೈಮ್‌ಟೇಬಲ್ ನಡೆಯತ್ತೆ" ಎಂದು ಅನುಮತಿಪತ್ರಕ್ಕೆ ಸಹಿ ಹಾಕಲಿಲ್ಲ. ಅವರನ್ನು ದೂರಲಾರೆ, ಅಚ್ಚಾದದ್ದನ್ನು ನಂಬುವುದು ಓದಿದವರ ಅಭ್ಯಾಸ.

ತಂಗಿ ನನ್ನ ಕೈ ಹಿಡಿದು ಕೇಳಿದಳು: "ಅಕ್ಕಾ, ಕೊಟ್ಟ ಮಾತ್ರೆಯೆಲ್ಲ ನುಂಗ್ತೀನಿ. ಅವಳಿಗೆ ನೋವು ಬರೋ ಹೊತ್ತಿಗೆ ನಾನಲ್ಲಿರ್ತೀನಾ? ಅಷ್ಟು ಹೇಳು."

ಮಾನ್ಯರೇ, ತಾವು ಹೊಸ ವಿಮಾನ ತರಬೇಕಿಲ್ಲ. ಆಕಾಶದಲ್ಲಿ ಕಳೆಯುವ ಹೊತ್ತನ್ನೂ ತಡವಾದರೂ ಇರಲೆಂದು ಮೇಲೆ ಸೇರಿಸಿಕೊಂಡ ಹೊತ್ತನ್ನೂ ಬೇರೆಬೇರೆಯಾಗಿ ಅಚ್ಚು ಮಾಡಿಸಿ, ತಮ್ಮ ಮುದ್ರೆಯೊತ್ತಿ, ಈ ವಾರದೊಳಗೆ ಪ್ರಕಟಿಸಿ. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬೇಡ. ಸುರಕ್ಷಿತವಾಗಿರಲೆಂದು ನಾಲ್ಕು ದಿನ ಹೆಚ್ಚಿಗೆ ಬರೆದಿಟ್ಟುಕೊಳ್ಳುವ ಸೌಲಭ್ಯ ತುಂಬುಗರ್ಭಿಣಿಗಿಲ್ಲ.

ಇಂತಿ,
ತಮ್ಮ ಉತ್ತರ ಬರುವ ಮೊದಲೇ ಅಜ್ಜಿಯಾಗಿಬಿಡುವೆನೇನೋ ಎಂಬ ಆತಂಕದಲ್ಲಿರುವ
ನಿವೃತ್ತ ಶಿಕ್ಷಕಿ