ಹೋಲಿಕೆಗೆಂದು ತಂಗಿಯ ಸ್ಕ್ಯಾನ್

ಮಾರ್ಚ್ 4, ಮಂಗಳವಾರ

ಇವತ್ತು ಹದಿನಾಲ್ಕು ಸ್ಕ್ಯಾನ್. ಎಂಎಸ್, ಅಂದರೆ ನರಗಳ ಹೊದಿಕೆ ಹಾಳಾಗುವ ಕಾಯಿಲೆ, ಇರುವವರ ಮೆದುಳಿನ ಬಿಳಿ ಕಲೆಗಳ ಸುತ್ತ ಮೌಸಿನಲ್ಲಿ ಗೆರೆ ಎಳೆಯುವುದು, ಸಾಫ್ಟ್‌ವೇರ್ ಎಳೆದ ಗೆರೆಯ ಜೊತೆ ತಾಳೆ ನೋಡುವುದು. ಕಣ್ಣುರಿ. ಚಂದ್ರಮೌಳಿ ಡಾಕ್ಟರು ಬಂದು, "ಹೋಲಿಸೋಕೆ ಆರೋಗ್ಯವಾಗಿರೋರ ಸ್ಕ್ಯಾನೂ ಬೇಕಲ್ಲಮ್ಮ, ಯಾರಾದ್ರೂ ಇದ್ರೆ ಹೇಳಿ" ಅಂದರು.

ತಂಗಿಯನ್ನು ಕೇಳಿದೆ. ತನ್ಮಯಿ ಎಲ್ಲದಕ್ಕೂ ರೆಡಿ. "ಮೆದುಳಿನ ಫೋಟೋ ಕೊಡ್ತಾರಾ? ಡಿಪಿ ಹಾಕ್ಕೋತೀನಿ."

ಮಾರ್ಚ್ 8, ಶನಿವಾರ

ತನ್ಮಯಿಯ ಸ್ಕ್ಯಾನ್ ಆಯಿತು. ಅಷ್ಟು ಸದ್ದಿನ ಮಿಷನ್ನಿನೊಳಗೆ ನಿದ್ದೆ ಹೊಡೆದಳಂತೆ! ಬರುವಾಗ ರಾಮಕೃಷ್ಣನಗರದಲ್ಲಿ ಚುರುಮುರಿ.

ಮಾರ್ಚ್ 11, ಮಧ್ಯಾಹ್ನ 3

ಸ್ಕ್ಯಾನಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಆದರೆ ಶನಿವಾರ ಮಾಡಿಸಿಕೊಂಡವಳು ಇವಳೊಬ್ಬಳೇ.

ಒಂಬತ್ತು ಕಲೆ ಅಂದಿತು ಸಾಫ್ಟ್‌ವೇರ್. ತಪ್ಪಿರಬೇಕು — ಎಷ್ಟೋ ಸಲ ತಪ್ಪುತ್ತದೆ. ನಾನೇ ಕೂತು ಗೆರೆ ಎಳೆದೆ. ಹನ್ನೊಂದು.

ಹೋದ ವರ್ಷ ಅವಳಿಗೆ ಒಂದು ಕಣ್ಣು ಮಂಜಾಗಿತ್ತು, ಹತ್ತು ದಿನ. ಮೊಬೈಲ್ ನೋಡಿ ನೋಡಿ ಹೀಗೆ ಅಂತ ಬೈದಿದ್ದೆ...

5.30

ಡಾಕ್ಟರು ಬಹಳ ಹೊತ್ತು ನೋಡಿದರು. "ಇದೊಂದರಿಂದ ಹೇಳೋಕಾಗಲ್ಲ. ಶುಕ್ರವಾರ ಕರ್ಕೊಂಡ್ ಬನ್ನಿ, ನಾನೇ ಮಾತಾಡ್ತೀನಿ. ಅಲ್ಲೀವರೆಗೂ ಬಾಯಿ ಬಿಡ್ಬೇಡಿ."

"ನನ್ನ ತಂಗಿ ಸರ್."

"ಅದಕ್ಕೇ ಹೇಳ್ತಿರೋದು."

ಮಾರ್ಚ್ 12

ಸಂಜೆ ತನ್ಮಯಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಳು. "ಬಲಗಾಲು ಜೋಮು ಕಣೇ ಅಕ್ಕ. ಇನ್ನೊಂದು ಎಲ್ಲಿ ಬಿದ್ದೋಯ್ತೋ ಗೊತ್ತೇ ಆಗ್ಲಿಲ್ಲ." ಅಮ್ಮ ನಕ್ಕಳು. ನಾನೂ ನಕ್ಕೆ.

ಮಾರ್ಚ್ 14, ಶುಕ್ರವಾರ

ಡಾಕ್ಟರು ಹೇಳಿದರು. ಅವರನ್ನು ಅವಳು ಏನೂ ಕೇಳಲಿಲ್ಲ. ಬಸ್ ಸ್ಟಾಪಿನಲ್ಲಿ ನನ್ನನ್ನು —

"ನಿಂಗ್ಯಾವತ್ತು ಗೊತ್ತಾಯ್ತು?"

"ಮಂಗಳವಾರ."

"ಮೂರು ದಿನ ನನ್ ಪಕ್ಕದಲ್ಲೇ ಕೂತು ಊಟ ಮಾಡ್ದೆ." ಬಸ್ಸಿನಲ್ಲಿ ನಮ್ಮ ದಟ್ಟಗಳ್ಳಿ ಬರುವವರೆಗೂ ಮುಖ ಕಿಟಕಿ ಕಡೆ.

ಮಾರ್ಚ್ 29

ಬೆನ್ನಿನಿಂದ ನೀರು ತೆಗೆದು ನೋಡಿದರು. ಎಂಎಸ್ಸೇ. ಮಾತ್ರೆ ಶುರು. ಹೊಸ ಕಲೆ ಬರುವುದು ಕಡಿಮೆಯಾಗಬಹುದು, ಇರುವುದು ಹೋಗುವುದಿಲ್ಲ.

ಇವತ್ತು ತಾನಾಗಿಯೇ ಮಾತಾಡಿದಳು. "ನೀನು ನೋಡಿದ್ದೀಯ. ನಂಗೂ ತೋರ್ಸು."

ಲ್ಯಾಪ್‌ಟಾಪ್ ತೆರೆದೆ. ಒಂದು ಕಲೆಯ ಮೇಲೆ ಬೆರಳಿಟ್ಟಳು. "ಹೋದ್ ವರ್ಷದ ಕಣ್ಣಿಂದಾ ಇದು?"

"ಅಲ್ಲ. ಅದು ಕಣ್ಣಿನ ನರದಲ್ಲಿ, ಇದ್ರಲ್ಲಿ ಕಾಣಲ್ಲ."

"ಕಾಲಿಂದು?"

"ಬೆನ್ನುಹುರೀಲಿರ್ಬೋದು."

"ಹಂಗಾದ್ರೆ ಈ ಹನ್ನೊಂದು ಏನ್ ಮಾಡ್ತಾ ಕೂತಿವೆ ಅಕ್ಕ?"

ಒಂದೊಂದರ ಅಳತೆಯೂ ನನಗೆ ಬಾಯಿಪಾಠ. ಅವಳು ಬೆರಳು ತೆಗೆಯದೆ ನನ್ನ ಮುಖ ನೋಡುತ್ತಿದ್ದಳು. ನಾನು, "ಏನ್ ಮಾಡ್ತಿವೆಯೋ ನಂಗೂ ಗೊತ್ತಿಲ್ಲ ಕಣೇ" ಅಂದು, ಮೊದಲನೆಯದರಿಂದ ಒಂದೊಂದಾಗಿ ತೋರಿಸತೊಡಗಿದೆ.