ಇಂದ್ರಮ್ಮನ ಕೈಗುಣ

ಮೇ 6, ಮಂಗಳವಾರ

ಹಂಡೆಗೆ ಉರಿ ಹಾಕಿ ಕೂತಿದ್ದೆ. ಇಂದ್ರ ಕೊರಟಗೆರೆ ಆಸ್ಪತ್ರೆಯಿಂದ ಬಂದವಳು ಇವತ್ತೂ ಮುಂಬಾಗಿಲಿನಿಂದಲೇ ಒಳಗೆ ಬಂದಳು. ಸ್ನಾನವಿಲ್ಲ, ನೇರ ಅಡುಗೆಮನೆ. ಮದುವೆಯಾದಾಗಿನಿಂದ ನೋಡಿದ್ದೇನೆ — ಹೆರಿಗೆ ವಾರ್ಡಿನ ಡ್ಯೂಟಿ ಮುಗಿಸಿ ಬಂದರೆ ಹಿತ್ತಲ ಬಾಗಿಲು, ಬಚ್ಚಲು, ಬೇರೆ ಸೀರೆ, ಆಮೇಲೆ ಮನೆ. ಜ್ವರದಲ್ಲೂ ತಪ್ಪಿಸಿದವಳಲ್ಲ. ಕೇಳಿದೆ.

"ಬೆಳಗ್ಗೆ ಮಾಡಿದ್ನಲ್ಲ, ಬುಡ್ರಿ" ಅಂದಳು.

ಕಾದ ನೀರು ದಂಡ. ಡ್ಯೂಟಿಗೆ ಹೋಗುತ್ತಿದ್ದಾಳೋ ಇಲ್ಲವೋ? ಹೋಗದಿದ್ದರೆ ದಿನಾ ಬಸ್ ಹತ್ತಿ ಎಲ್ಲಿಗೆ...

ಮೇ 9, ಶುಕ್ರವಾರ

ತಿಂಗಳ ಕೊನೆಗೆ ಇಂದ್ರನ ರಿಟೈರ್ಮೆಂಟ್. ಮನೆ ಮುಂದೆ ಶಾಮಿಯಾನ, ಹೋಳಿಗೆ ಊಟ, ಎಲ್ಲ ಹೇಳಿಯಾಯಿತು. ಫ್ಲೆಕ್ಸಿಗೆ ಬರೆದುಕೊಟ್ಟದ್ದನ್ನು ಓದಿ ತೋರಿಸಿದೆ — 'ಕೈಗುಣಕ್ಕೆ ಹೆಸರಾದ ಸಿಸ್ಟರ್ ಇಂದ್ರಮ್ಮ'. ನನ್ನ ಅಂಗಡಿಗೆ ಬಂದವರಿಗೆಲ್ಲ ನಾನು ಹೇಳುವುದೂ ಇದನ್ನೇ. ನಮ್ಮವಳು ಮುಟ್ಟಿದರೆ ಹೆರಿಗೆ ಸಲೀಸು.

"ಕೈಗುಣ ಗಿಯ್ಗುಣ ಎಲ್ಲಾ ಬ್ಯಾಡ. ತೆಗ್ಸಿ."

"ಯಾಕೆ?"

"ಬ್ಯಾಡ ಅಂದ್ನಲ್ಲ."

ಅಷ್ಟರಲ್ಲಿ ಫೋನ್. ಅಂಗಳಕ್ಕೆ ಎದ್ದು ಹೋದಳು. ನನ್ನ ಕಿವಿಗೆ ಬಿದ್ದದ್ದು ಇಷ್ಟೇ — "ರಾಜು, ಅವ್ರಿಗೆ ಗೊತ್ತಾಗ್ಬಾರ್ದು." ಅವರು ಅಂದರೆ ನಾನು. ಇನ್ಯಾರು? ಈ ರಾಜು ಯಾರು?

ಮೇ 13

ನನ್ನ ಜೊತೆ ಊಟಕ್ಕೂ ಕೂರುವುದಿಲ್ಲ ಈಗ. ಪಾತ್ರೆ ಮುಂದಿಟ್ಟು "ಬಡಿಸ್ಕೊಳ್ಳಿ" ಎಂದು ಒಳಗೆ ಹೋಗುತ್ತಾಳೆ.

ಪುರವರದಿಂದ ಅಕ್ಕ ಬಂದಿದ್ದಳು, ಜಯಕ್ಕ. ಒಂದು ಗಂಟೆ ಕೂತಿದ್ದಳೋ ಇಲ್ಲವೋ, "ಲೇ ರೇಣುಕ, ನಿನ್ನೆಂಡ್ತಿ ಏನೋ ಮುಚ್ಚಿಡ್ತಾವ್ಳೆ ಕಣ್ಲಾ" ಅಂದಳು. ಬೈದು ಬಾಯಿ ಮುಚ್ಚಿಸಿದೆ. ಅನುಮಾನ ಪಡುವುದಾದರೆ ನಾನು ಪಡುತ್ತೇನೆ. ಅವಳಿಗೇನು?

ಮೇ 22, ಗುರುವಾರ

ಡಾಕ್ಟರನ್ನು ಹೋಳಿಗೆ ಊಟಕ್ಕೆ ಕರೆಯುವ ನೆಪ ಮಾಡಿಕೊಂಡು ಆಸ್ಪತ್ರೆಗೆ ಹೋದೆ. ಹೆರಿಗೆ ವಾರ್ಡಿನ ಆಯಾ ಹೇಳಿದಳು — "ಸಿಸ್ಟರ್ರು ಯುಗಾದಿಯಿಂದೀಚ್ಗೆ ಇತ್ಲಾಗ್ ಬಂದಿಲ್ಲ ಸಾ. ಸ್ಟೋರ್ನಾಗವ್ರೆ." ಓಹೋ. ಸ್ನಾನ ಬಿಟ್ಟದ್ದು ಅದಕ್ಕೆ. ನನಗೆ ಮಾತ್ರ ಹೇಳಿಲ್ಲ.

ಔಷಧಿ ಸ್ಟೋರು ಹಿಂದುಗಡೆ. ಕಿಟಕಿಯಲ್ಲಿ ನೋಡಿದೆ. ಫಾರ್ಮಸಿಸ್ಟ್ ನರಸಿಂಹರಾಜು, ಹೆಂಡತಿ ತೀರಿಕೊಂಡವನು. ಇವನೇ ರಾಜು. ಟೀ ಲೋಟ ಹಿಡಿದು ಅವಳ ಬಾಯಿಗೆ ಇಡುತ್ತಿದ್ದ. ಅವಳು ಕುಡಿಯುತ್ತಿದ್ದಳು.

ಡಾಕ್ಟರನ್ನು ಕರೆಯದೆ ಬಂದುಬಿಟ್ಟೆ. ಬಸ್ಸಿನಲ್ಲಿ ಅಳು ಬಂತು. ಈ ವಯಸ್ಸಿನಲ್ಲಿ, ಥೂ. ಕೇಳಿಬಿಡಬೇಕು. ಕೇಳಿ, ಹೌದು ಅಂದುಬಿಟ್ಟರೆ?

ಮೇ 31, ಶನಿವಾರ

ಕೇಳಲಿಲ್ಲ. ಫ್ಲೆಕ್ಸಿನಿಂದ ಕೈಗುಣವನ್ನೂ ತೆಗೆಸಲಿಲ್ಲ. ಹಠ.

ಜನ ತುಂಬಿದ್ದರು. ನರಸಿಂಹರಾಜುವೂ ಬಂದ. ಹಾರ, ಶಾಲು, ಫೋಟೊ — ನಾನು ನೋಡುತ್ತಿದ್ದದ್ದು ಅವನೊಬ್ಬನನ್ನೇ.

ಕೊಳಾಲದ ಮಧುಶ್ರೀ ಮೂರು ತಿಂಗಳ ಕೂಸನ್ನು ತಂದಿದ್ದಳು. ಈ ಮಧುಶ್ರೀಯ ತಾಯಿಗೆ ಹೆರಿಗೆ ಮಾಡಿಸಿದ್ದೂ ಇಂದ್ರನೇ. "ನಾನು ನಿಮ್ ಕೈನಾಗೆ ಹುಟ್ಟಿದೋಳು ಸಿಸ್ಟರ್. ಇವ್ಳನ್ನ ಒಂದ್ಕಿತ ಎತ್ಕಳಿ. ಆ ಕೈಗುಣ ತಾಕ್ಲಿ" ಅಂದಳು.

ಇಂದ್ರ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡ ಕಣಮ್ಮ."

ಹುಡುಗಿಯ ಮುಖ ಸಣ್ಣದಾಯಿತು. ಜನರ ಗುಸುಗುಸು. ಒಳಗೆ ಅದುಮಿಟ್ಟಿದ್ದ ಸಿಟ್ಟೆಲ್ಲ ನೆತ್ತಿಗೇರಿತು. "ಎತ್ಕೊಳೇ. ಮಾನ ಕಳೀಬ್ಯಾಡ" ಅಂದೆ, ಎಲ್ಲರೆದುರು.

ನನ್ನ ಮುಖ ನೋಡಿದಳು. ಕೈ ಹೊರಗೆ ತೆಗೆದಳು. ಬಲಗೈ ನಡುಗುತ್ತಿತ್ತು. ಬೆರಳು, ಮಣಿಕಟ್ಟು, ಬಳೆ, ಎಲ್ಲ. ಎಡಗೈಯಲ್ಲಿ ಅದುಮಿ ಹಿಡಿದರೂ ನಿಲ್ಲಲಿಲ್ಲ.

ನರಸಿಂಹರಾಜು ಬಂದು "ಕೂತ್ಕೊಳ್ಳಿ ಸಿಸ್ಟರ್" ಎಂದು ಕುರ್ಚಿ ಎಳೆದ. ಕೂಸನ್ನು ಎತ್ತಿ ಅವಳ ಮಡಿಲಿಗೆ ಇಟ್ಟ. ನಾನು ಮಾಡಬೇಕಿದ್ದ ಕೆಲಸ ಅದು. ನಾನು ನಿಂತೇ ಇದ್ದೆ.

ಜೂನ್ 1

ಯುಗಾದಿಗೆ ಮುಂಚೆ ಒಂದು ಹೆರಿಗೆ. ಹೊಕ್ಕುಳಬಳ್ಳಿ ಕತ್ತರಿಸುವಾಗ ಅವಳ ಕೈ ಜಾರಿತಂತೆ. ಕೂಸಿಗೆ ಏನೂ ಆಗಲಿಲ್ಲ. ಅವತ್ತೇ ಡಾಕ್ಟರಿಗೆ ಹೇಳಿ ವಾರ್ಡು ಬಿಟ್ಟಿದ್ದಾಳೆ. ನರದ ತೊಂದರೆ. ಬೆಂಗಳೂರಿನಲ್ಲಿ ತೋರಿಸಬೇಕು.

"ಅವ್ನಿಗೆ ಹೇಳಿದ್ದೀಯ. ನನ್ಗೆ ಹೇಳ್ಲಿಲ್ಲ."

"ಅವ್ನು ನನ್ ಕೈ ಹೊಗಳ್ಕಂಡು ತಿರುಗ್ದೋನಲ್ಲ. ನೀವು ಊರಿಗೆಲ್ಲಾ ಈ ಕೈ ತೋರ್ಸಿ ಮೆರೆದ್ರಿ. ಇದೇ ಹೋದ್ಮ್ಯಾಲೆ ನಾನೇನು ನಿಮ್ಗೆ? ಅದು ಗೊತ್ತಾಗ್ಲಿಲ್ಲ. ಹೆದರ್ಕಂಡೆ."

ನಾನು ಏನೇನು ಅಂದುಕೊಂಡಿದ್ದೆ ಎಂದು ಹೇಳಲಿಲ್ಲ. ಅವಳಿಗೆ ಗೊತ್ತಿದೆ ಅನಿಸುತ್ತದೆ. ಅಂಗಡಿ ತೆಗೆಯಲಿಲ್ಲ.

ಜೂನ್ 5, ಬಸ್ಸಿನಲ್ಲಿ

ಬೆಂಗಳೂರಿಗೆ. ಕಿಟಕಿ ಪಕ್ಕ ಅವಳು, ಬಲಗೈ ಸೆರಗಿನೊಳಗೆ. ಕೊರಟಗೆರೆಯಲ್ಲಿ ಯಾರೋ ಹತ್ತಿ "ಚೆನ್ನಾಗಿದೀರಾ ಸಿಸ್ಟರ್" ಅಂದರು. ಕೈಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು. ನಾನು ಅದನ್ನು ಹೊರಗೆ ತೆಗೆದು ಹಿಡಿದುಕೊಂಡೆ.

"ಜನ ನೋಡ್ತಾರೆ ಕಣ್ರಿ."

"ನೋಡ್ಲಿ."

ನನ್ನ ಎಡಗೈಯಲ್ಲಿದೆ ಈಗ. ಅದರ ಜೊತೆ ನನ್ನ ಕೈ, ತೊಡೆಯ ಮೇಲಿನ ಈ ಪುಸ್ತಕ, ಎಲ್ಲ ಅಲುಗುತ್ತಿವೆ. ಅಕ್ಷರ ನೆಟ್ಟಗಾಗುತ್ತಿಲ್ಲ. ಎರಡೂ ಕೈಯಲ್ಲಿ ಹಿಡಿದರೆ ನಿಲ್ಲುತ್ತದೇನೋ. ಪೆನ್ನು ಜೇಬಿಗೆ...